ನಲವತ್ತೊಂದನೇ ಬಿಲ್ಲೆ

ಅಮ್ಮ ಸತ್ತ ಮೇಲೂ ಅವಳ ಹಾಜರಿ ನಿಲ್ಲಲಿಲ್ಲ.

ಮಣ್ಣು ಮಾಡಿದ ಮರುದಿನ ನಾನು ಆಸ್ಪತ್ರೆಯ ಹಿಂದಿನ ಗೇಟಿಗೆ ಹೋಗಿದ್ದೆ. ವಾರ್ಡಿನಲ್ಲಿ ಉಳಿದಿದ್ದ ಅವಳ ಚೀಲ, ಚಪ್ಪಲಿ ತರಬೇಕಿತ್ತು. ಬಟ್ಟೆ ಒಗೆಯುವ ಹೆಂಗಸರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಗುತ್ತಿಗೆದಾರನ ಮೇಸ್ತ್ರಿ ಹಲ್ಲುಕಡ್ಡಿ ಕಚ್ಚಿಕೊಂಡು ನಂಬರು ಕೂಗುತ್ತಿದ್ದ. ಅವನು ಯಾವತ್ತೂ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಒಬ್ಬೊಬ್ಬಳ ಕೊರಳಲ್ಲೂ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆಯ ಮೇಲಿನ ನಂಬರೇ ಅವಳು.

"ನಲವತ್ತು."

"ಇದೀನಿ."

"ನಲವತ್ತೊಂದು."

ಅದು ಅಮ್ಮ.

"ಇದೀನಿ," ಎಂದಿತು ಸಾಲಿನಲ್ಲಿ ಒಂದು ದನಿ.

ದನಿ ಬಂದ ಕಡೆ ನೋಡಿದೆ. ಹಾಡೋಳು ನಿಂತಿದ್ದಳು. ಕೈಕೆಲಸದ ಜೊತೆ ಸದಾ ಏನಾದರೂ ಗುನುಗುತ್ತಿದ್ದಳೆಂದು ಅವಳಿಗೆ ಆ ಹೆಸರು. ಅದುವರೆಗೆ ಬಿಲ್ಲೆ ಇಲ್ಲದ ಬದಲಿ ಕೆಲಸದವಳು. ಈಗ ಅವಳ ಕೊರಳಲ್ಲಿ ಅಮ್ಮನ ಬಿಲ್ಲೆ ತೂಗುತ್ತಿತ್ತು. ದಾರವನ್ನೂ ಬದಲಿಸಿರಲಿಲ್ಲ. ಅಮ್ಮನ ಬೆವರಿಗೆ ಕಪ್ಪಾದ ಅದೇ ದಾರ. ಅವಳು ನನ್ನನ್ನು ಕಂಡು ತಲೆ ತಗ್ಗಿಸಿದಳು.

ಮೇಸ್ತ್ರಿ "ನಲವತ್ತೆರಡು" ಎಂದ.

ಬಟ್ಟೆಮನೆ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲಿನ ವಾರ್ಡುಗಳಿಂದ ಒಂದು ತಗಡಿನ ಕೊಳವೆ ಕೆಳಗಿಳಿಯುತ್ತದೆ. ಅದರೊಳಗಿಂದ ಗಂಟುಗಳು ದೊಪ್ಪನೆ ಬೀಳುತ್ತವೆ. ಬಿಚ್ಚಬೇಕು. ಕೊಡವಬೇಕು. ರಕ್ತದ್ದು ಒಂದು ಕಡೆ, ಕೀವಿನದು ಒಂದು ಕಡೆ, ಹೇಲಿನದು ಒಂದು ಕಡೆ. ಎಲ್ಲ ಬರಿಗೈಯಲ್ಲಿ. ರಕ್ತದ್ದನ್ನು ತಣ್ಣೀರಲ್ಲಿ ನೆನೆಹಾಕಿ ಉಜ್ಜಬೇಕು. ಉಳಿದದ್ದು ಕುದಿನೀರಿಗೆ. ನೆಂದ ಚಾದರ ಹೆಣದಷ್ಟು ಭಾರ. ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರೆ. ಬ್ಲೀಚಿಗೆ ಅಮ್ಮನ ಉಗುರು ಉದುರಿದ್ದವು. ಬೆರಳ ತುದಿ ಬೆಂದ ಗೆಣಸಿನ ಹಾಗೆ ಬಿರಿದಿತ್ತು.

ಗಂಟಿನೊಳಗೆ ಚಾದರ ಮಾತ್ರ ಇರುವುದಿಲ್ಲ. ಕತ್ತರಿ ಇರುತ್ತದೆ, ಬ್ಲೇಡು ಇರುತ್ತದೆ, ಹಲ್ಲು ಇರುತ್ತದೆ. ಒಮ್ಮೆ ಕಾಲಿನ ಕಿರುಬೆರಳೇ ಸಿಕ್ಕಿತ್ತು. ಸೂಜಿಗಂತೂ ಬರವಿಲ್ಲ. ಮೇಲಿನವರು ಚುಚ್ಚಿ ಮುಗಿಸಿ ಹಾಸಿಗೆಯ ಮೇಲೇ ಬಿಡುತ್ತಾರೆ. ಚಾದರ ಸುತ್ತುವವನು ನೋಡುವುದಿಲ್ಲ. ಬಿಚ್ಚುವವಳಿಗೆ ಚುಚ್ಚುತ್ತದೆ. ಅವಳು ಬೆರಳನ್ನು ಬಾಯಿಗಿಟ್ಟು ಚೀಪುತ್ತಾಳೆ, ಉಗಿಯುತ್ತಾಳೆ, ಮುಂದಿನ ಗಂಟಿಗೆ ಕೈ ಹಾಕುತ್ತಾಳೆ. ಮೇಸ್ತ್ರಿಗೆ ಹೇಳಿದರೆ, "ಸೂಜಿ ಚುಚ್ಚಿದ್ರೆ ಯಾರಾದ್ರೂ ಸಾಯ್ತಾರಾ?" ಎನ್ನುತ್ತಾನೆ.

ಸಾಯುತ್ತಿದ್ದರು. ಆವತ್ತೇ ಸಾಯುತ್ತಿರಲಿಲ್ಲ, ಅಷ್ಟೆ. ಮೊದಲು ಊಟ ಸೇರದು. ಆಮೇಲೆ ಮೈಯೆಲ್ಲ ಕಡಿತ. ಆಮೇಲೆ ಕೈಕಾಲು ಕಡ್ಡಿಯಾಗಿ ಹೊಟ್ಟೆ ಬಸುರಿಯ ಹಾಗೆ ಉಬ್ಬುತ್ತದೆ. ರಕ್ತದಿಂದ ರಕ್ತಕ್ಕೆ ಹತ್ತುವ ಕಾಮಾಲೆ. ಅಮ್ಮನಿಗಿಂತ ಮುಂಚೆ ಅದೇ ಬಿಲ್ಲೆ ಹಾಕಿಕೊಂಡಿದ್ದ ಉದ್ದಕ್ಕ ಹಾಗೇ ಹೋಗಿದ್ದಳು. ಅಮ್ಮನಿಗೆ ಗೊತ್ತಿತ್ತು.

"ಗೊತ್ತಿದ್ದೂ ಅವಳ ಬಿಲ್ಲೆ ಯಾಕೆ ಕಟ್ಕೊಂಡೆ?" ಎಂದು ಕೇಳಿದ್ದೆ.

"ಬಿಲ್ಲೆ ಕಟ್ಕೊಳ್ದೆ ಇದ್ರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೋಬೇಕು," ಎಂದಿದ್ದಳು.

ಅವಳನ್ನು ದಾಖಲು ಮಾಡಲು ಹೋದಾಗ ಹಾಸಿಗೆ ಇಲ್ಲ ಎಂದರು. ನಾನು ಇಲ್ಲೇ ದುಡಿಯೋಳು ಎಂದು ಅಮ್ಮ ಕೊರಳ ಬಿಲ್ಲೆ ಎತ್ತಿ ತೋರಿಸಿದಳು. ವಾರ್ಡಿನ ಗುಮಾಸ್ತ ಗೊಣಗಿ, ಆ ನಂಬರನ್ನು ಅವಳ ಹೆಸರಿನ ಮುಂದೆ ಕಂಪ್ಯೂಟರಿನ ಷರಾ ಕಾಲಂನಲ್ಲಿ ಒತ್ತಿ, ಹಾಸಿಗೆ ಕೊಟ್ಟ. ಅಮ್ಮ ಮಲಗಿದವಳೇ ಚಾದರವನ್ನು ಮೂಸಿ ನೋಡಿದಳು. "ನಮ್ಮ ಕೈದೇ. ಸೋಪು ಸರಿಯಾಗಿ ಹೋಗಿಲ್ಲ," ಎಂದು ನಕ್ಕಳು. ಅದೇ ಚಾದರದಲ್ಲಿ ಸುತ್ತಿ ಅವಳನ್ನು ಹೊರಗೆ ತಂದರು. ಬಾಗಿಲಲ್ಲಿ ಚಾದರ ವಾಪಸ್ ಕೇಳಿದರು. ಕೊಟ್ಟೆ. ಅದು ಕೊಳವೆಯಲ್ಲಿ ಕೆಳಗೆ ಹೋಯಿತು. ಅವಳ ಗೆಳತಿಯರು ಒಗೆದರು.

ನಾನು ಅದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕಿದ್ದೆ. ಬಟ್ಟೆಮನೆಯ ನೆತ್ತಿಯ ಮೇಲೆಯೇ ಆ ಕೋಣೆ. ಅಮ್ಮನ ಬೆರಳು ಸವೆದು ನನಗೆ ಆ ಕುರ್ಚಿ ಸಿಕ್ಕಿತ್ತು. ಒಳಗೆ ಬರುವಾಗ ಎಲ್ಲರೂ ಚಪ್ಪಲಿ ಬಿಡಬೇಕಿತ್ತು. ನಾನು ಕಾಲನ್ನೂ ತೊಳೆಯಬೇಕಿತ್ತು. ನನ್ನ ಲೋಟ ಬೇರೆ. ನನ್ನ ಮೇಜು ಬಾಗಿಲ ಸಂದಿಯಲ್ಲಿ. ಯಾರೂ ಬೈಯುತ್ತಿರಲಿಲ್ಲ. ನಗುನಗುತ್ತಲೇ ಲಾಂಡ್ರಿ ಎಂದು ಕರೆಯುತ್ತಿದ್ದರು. "ಲಾಂಡ್ರಿ, ಈ ಫೈಲ್ ತಗೋ." "ಲಾಂಡ್ರಿ ಬಂತು, ಕಿಟಕಿ ತೆಗೀರಪ್ಪ."

ಹಿರಿಯ ಆಪರೇಟರ್ ಒಬ್ಬರು ಹಾಗೆ ಕರೆಯುತ್ತಿರಲಿಲ್ಲ. "ನೋಡಮ್ಮ" ಎನ್ನುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದವರು. ಹಗ್ಗ ಕಂಡರೆ ಹಾವೆಂದು ಹಿಂದೆ ಸರಿಯುವ ಜೀವ. ಆದರೆ ಕೆಲಸವನ್ನು ಬಚ್ಚಿಡದೆ ಕಲಿಸಿದರು.

"ನೋಡಮ್ಮ, ಒಂದು ಟೇಬಲ್‌ನಲ್ಲಿ ರೋಗಿಗಳು ಇರ್ತಾರೆ. ಇನ್ನೊಂದರಲ್ಲಿ ಸಿಬ್ಬಂದಿ. ಎರಡರಲ್ಲೂ ಒಂದೇ ನಂಬರು ಇದ್ರೆ ಅದನ್ನ ಹಿಡ್ಕೊಂಡು ಎರಡನ್ನೂ ಜೋಡಿಸ್ಬಹುದು. ಇನ್ನರ್ ಜಾಯಿನ್ ಅಂದ್ರೆ ಚಪ್ಪಾಳೆ ಇದ್ದಂಗೆ. ಎರಡು ಕೈ ಸೇರಿದ್ರೇ ಸದ್ದು."

"ಒಂದೇ ಕೈ ಇದ್ರೆ?"

"ಆ ಸಾಲು ಬರಲ್ಲ."

"ತಪ್ಪಾಗಿದೆ ಅಂತಾದ್ರೂ ಹೇಳುತ್ತಾ?"

"ಏನೂ ಹೇಳಲ್ಲ. ಇರ್ಲೇ ಇಲ್ಲ ಅನ್ನೋ ಹಂಗೆ ಬಿಟ್ಟು ಮುಂದೆ ಹೋಗುತ್ತೆ." ಅವರು ಕನ್ನಡಕ ಒರೆಸಿಕೊಂಡರು. "ಒಂಟಿ ಕೈಯೂ ಬೇಕು ಅಂದ್ರೆ ಲೆಫ್ಟ್ ಜಾಯಿನ್ ಹಾಕ್ಬೇಕು. ಎಡಗಡೆ ಇರೋರೆಲ್ಲ ಬರ್ತಾರೆ. ಬಲಗಡೆ ಜೋಡಿ ಸಿಗದಿದ್ರೆ ಅಲ್ಲಿ ನಲ್ ಅಂತ ಬೀಳುತ್ತೆ."

"ಸೊನ್ನೆನಾ?"

"ಸೊನ್ನೆ ಅಂದ್ರೆ ಎಣಿಸಿ ನೋಡಿದ್ವಿ, ಇಲ್ಲ ಅಂತ. ನಲ್ ಅಂದ್ರೆ ಯಾರೂ ಎಣಿಸೇ ಇಲ್ಲ ಅಂತ."

ನನ್ನ ಮೇಜಿನ ಕೆಳಗೆ ಒಂದು ಗಾಳಿಕಿಂಡಿ ಇತ್ತು. ಅದರಲ್ಲಿ ಬಟ್ಟೆಮನೆಯ ಹಬೆ ಬರುತ್ತಿತ್ತು, ಸೋಪಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಮೇಸ್ತ್ರಿಯ ಕೂಗೂ ಬರುತ್ತಿತ್ತು. ನಲವತ್ತೊಂದು ಎಂದಾಗ ನನ್ನ ಬೆರಳು ಕೀಲಿಯ ಮೇಲೆ ನಿಲ್ಲುತ್ತಿದ್ದವು. ಇದೀನಿ ಎನ್ನುತ್ತಿದ್ದವಳು ಹಾಡೋಳು ಎಂದು ಬುದ್ಧಿಗೆ ಗೊತ್ತು. ಕಿವಿಗೆ ಗೊತ್ತಿರಲಿಲ್ಲ. ಕಿಂಡಿಯ ತಗಡು ದನಿಯನ್ನು ಅಮ್ಮನದನ್ನಾಗಿ ಮಾಡಿ ಮೇಲೆ ಕಳಿಸುತ್ತಿತ್ತು. ಬರಬರುತ್ತ ಗುನುಗು ನಿಂತಿತು. ದನಿ ಸಣ್ಣದಾಯಿತು. ಆಮೇಲೊಂದು ಬೆಳಿಗ್ಗೆ ಬೇರೊಂದು ಎಳೆಯ ದನಿ "ಇದೀನಿ" ಎಂದಿತು. ಹಾಡೋಳು ಸತ್ತಳೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಹೀಗಿರುವಾಗ ಮೇಲಿನಿಂದ ತಪಾಸಣೆಯವರು ಬರುವ ಸುದ್ದಿ ಬಂತು. ಇಲ್ಲಿ ದುಡಿಯುವವರಲ್ಲಿ ಎಷ್ಟು ಜನಕ್ಕೆ ಈ ಕಾಮಾಲೆ ಹತ್ತಿತು, ಎಷ್ಟು ಜನ ಸತ್ತರು, ವಿಭಾಗವಾರು ಕೊಡಿ ಎಂದಿದ್ದರು. ಹಿರಿಯರು ಕಾಮಾಲೆ ರೋಗಿಗಳ ಟೇಬಲ್ಲನ್ನೂ ಸಿಬ್ಬಂದಿಯ ಟೇಬಲ್ಲನ್ನೂ ಇನ್ನರ್ ಜಾಯಿನ್‌ನಲ್ಲಿ ಜೋಡಿಸಿದರು. ಕೆಲವು ನರ್ಸುಗಳು ಬಂದರು. ಲ್ಯಾಬಿನವನೊಬ್ಬ ಬಂದ. ಎಲ್ಲರೂ ಬದುಕಿದ್ದರು. ಬಟ್ಟೆ ವಿಭಾಗದ ಮುಂದೆ ಏನೂ ಇರಲಿಲ್ಲ; ಗುತ್ತಿಗೆಯವರು ಸಿಬ್ಬಂದಿಯ ಟೇಬಲ್‌ನಲ್ಲೇ ಇರಲಿಲ್ಲ.

"ಒಂದ್ಸಲ ನೋಡಿ ಪ್ರಿಂಟ್ ಕೊಡಮ್ಮ," ಎಂದರು.

ನೋಡಿದೆ. ಒಂದು ಪದ ಬದಲಿಸಿದೆ. ಇನ್ನರ್ ಇದ್ದಲ್ಲಿ ಲೆಫ್ಟ್ ಎಂದು ಹಾಕಿದೆ.

ಪರದೆ ತುಂಬಿತು. ಎಡಗಡೆ ಹೆಸರು, ವಯಸ್ಸು, ವಾರ್ಡು. ಬಲಗಡೆ ನಲ್. ನಲ್. ನಲ್. ಆ ಸಾಲುಗಳ ನಡುವೆ ಅಮ್ಮ ಇದ್ದಳು. ಬಲಗಡೆ ಖಾಲಿ. ಪರದೆಯ ಮೇಲೆ ಅವಳ ಹೆಸರು ಇದ್ದಲ್ಲಿ ಬೆರಳಿಟ್ಟೆ. ತೆಗೆಯಲಾಗಲಿಲ್ಲ.

ಆಮೇಲೆ ಷರಾ ಕಾಲಂ ನೆನಪಾಯಿತು. ಹಾಸಿಗೆಗಾಗಿ ಬಿಲ್ಲೆ ತೋರಿಸಿದವಳು ಅಮ್ಮ ಒಬ್ಬಳೇ ಆಗಿರಲಾರಳು. ಆಗಿರಲಿಲ್ಲ. ಗುತ್ತಿಗೆದಾರನ ಗೇಟು ಹಾಜರಿಯೂ ನಮ್ಮ ಯಂತ್ರದಲ್ಲೇ ಒಂದು ಮೂಲೆಯಲ್ಲಿತ್ತು. ಆ ಟೇಬಲ್‌ನಲ್ಲಿ ಹೆಸರಿಗೆ ಜಾಗವೇ ಇಲ್ಲ. ಬಿಲ್ಲೆ ನಂಬರು, ಬಂದ ದಿನ, ಅಷ್ಟೆ. ಷರಾದ ನಂಬರನ್ನು ಹಿಡಿದು ಅದನ್ನೂ ಜೋಡಿಸಿದೆ.

ಬಿಲ್ಲೆಗಳು ಬಂದವು. ನಲವತ್ತೊಂದು ಮೂರು ಸಲ ಬಂತು. ಉದ್ದಕ್ಕ. ಅಮ್ಮ. ಹಾಡೋಳು. ಅವರ ಪಕ್ಕದಲ್ಲಿ ಬಿಲ್ಲೆಯ ಹಾಜರಿ. ಉದ್ದಕ್ಕ ಸತ್ತ ಮರುದಿನ ನಲವತ್ತೊಂದು ಕೆಲಸಕ್ಕೆ ಬಂದಿದೆ. ಅಮ್ಮ ಸತ್ತ ಮರುದಿನವೂ ಬಂದಿದೆ. ಹಾಡೋಳು ಸತ್ತ ಮರುದಿನವೂ. ಬೇರೆ ಬಿಲ್ಲೆಗಳ ಕಥೆಯೂ ಅದೇ. ಬಿಲ್ಲೆಗೆ ಸಾವಿರಲಿಲ್ಲ. ಕೆಳಗಿನ ಹೆಂಗಸರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅವರು ನೋಡಿದ್ದೇ, ಅವರು ಹೊತ್ತದ್ದೇ. ಮೇಲಿನ ಮಹಡಿಗೆ ಅದು ಬಂದದ್ದು ಮಾತ್ರ ಹೊಸದು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಆಡಳಿತಾಧಿಕಾರಿ.

"ಏನಿದು, ಒಂದೇ ನಂಬರು ಮೂರು ಸಲ?"

ಹಿರಿಯರು ಎದ್ದು ನಿಂತರು. "ಒಂದು ಬಿಲ್ಲೆಗೆ ಮೂರು ರೋಗಿಗಳು ಜೋಡಿಯಾಗಿದಾರೆ ಸರ್."

"ರಿಪೀಟ್ ಆಗಿದೆ ಅನ್ನಿ. ತೆಗೆಯೋಕೆ ದಾರಿ ಇಲ್ವಾ?"

"ಡಿಸ್ಟಿಂಕ್ಟ್ ಅಂತ ಒಂದು ಪದ ಇದೆ. ಅದನ್ನ ಹಾಕಿದ್ರೆ ಒಂದು ನಂಬರು ಒಂದೇ ಸಲ ಬರುತ್ತೆ. ವರದಿಲಿ ಹೇಗೂ ಹೆಸರು ಕೇಳಿಲ್ಲ."

"ಹಾಕು," ಎಂದರು ನನಗೆ.

"ಅವರು ಮೂರು ಜನ ಸರ್."

"ಬಿಲ್ಲೆ ಒಂದೇ ತಾನೇ?"

"ಬಿಲ್ಲೆ ಒಂದು. ಹೆಣ ಮೂರು."

ಅವರು ಬಗ್ಗಿ ಪರದೆಗೆ ಪೆನ್ನು ತಾಗಿಸಿದರು. "ಇಲ್ಲಿ ನೋಡು. ಈ ನಲವತ್ತೊಂದು ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದಿದೆ. ಬದುಕಿರೋಳನ್ನ ಸತ್ತಳು ಅಂತ ಬರೆದುಕೊಡ್ಲಾ ನಾನು? ಆ ಒಂದನ್ನೂ ತೆಗೆದುಬಿಡು."

"ಅದರಲ್ಲಿ ಒಬ್ಬಳು ನಮ್ಮಮ್ಮ."

"ಹಾಗನ್ನು ಮತ್ತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು.

ನನ್ನ ಕೈ ಕೀಬೋರ್ಡಿನ ಮೇಲಿತ್ತು. ಇಂಗ್ಲಿಷಿನ ಎಂಟು ಅಕ್ಷರ. ಮೂವರು ಒಬ್ಬಳಾಗುತ್ತಾರೆ. ಆ ಒಬ್ಬಳು ಬದುಕಿದ್ದಾಳೆ ಎಂದು ಅಳಿಸಿ ಹೋಗುತ್ತಾಳೆ. ಕಾಲಡಿಯ ಕಿಂಡಿಯಿಂದ ಬಿಸಿ ಹಬೆ ನನ್ನ ಪಾದ ಹಿಡಿದುಕೊಂಡಿತ್ತು. ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಹಾಕಲ್ಲ."

"ಏನಂದೆ?"

"ನಮ್ಮಮ್ಮನ್ನ ಒಂದ್ಸಲ ಹೂತಿದೀನಿ. ಇನ್ನೊಂದ್ಸಲ ಹೂಳಲ್ಲ."

ಯಾರೂ ನಗಲಿಲ್ಲ. ಆಡಳಿತಾಧಿಕಾರಿ ಬಾಗಿಲು ತೋರಿಸಿದರು. "ದಯೆ ತೋರಿಸಿದ್ದೇ ತಪ್ಪಾಯ್ತು. ನಾಳೆಯಿಂದ ಬರಬೇಡ." ನಾನು ಎದ್ದೆ. ಹಿರಿಯರು ನನ್ನ ಮುಖ ನೋಡದೆ ನನ್ನ ಕುರ್ಚಿಯಲ್ಲಿ ಕೂತರು. ಕೀಲಿಗಳ ಸದ್ದು ಕೇಳಿಸಿತು. ಕಾವಲಿನವನು ಮುಂದಿನ ಲಿಫ್ಟಿಗೆ ಅಡ್ಡ ನಿಂತ. ಕೊಳೆಬಟ್ಟೆಯ ಲಿಫ್ಟಿನಲ್ಲಿ ಕೆಳಗಿಳಿದೆ.

ಬಟ್ಟೆಮನೆಯಲ್ಲಿ ಹೊಸಬಳು ಕಲ್ಲಿನ ತೊಟ್ಟಿಯ ಅಂಚಿಗೆ ಕೂತಿದ್ದಳು. ಹಾಡೋಳು ಸತ್ತ ಮೇಲೆ ನಲವತ್ತೊಂದು ಅವಳ ಕೊರಳಿಗೆ ಬಂದಿತ್ತು. ಬೆರಳಿಗೆ ಚಿಂದಿ ಸುತ್ತಿತ್ತು. ಚಿಂದಿ ಕೆಂಪಾಗಿತ್ತು.

"ಸೂಜಿನಾ?"

"ಊಂ. ಆಗಲೇ ಬೆಳಿಗ್ಗೆ. ಮೇಲೆ ಹೋಗಿ ತೋರಿಸ್ದೆ. ಸಿಬ್ಬಂದಿ ನಂಬರು ಹೇಳು ಅಂದ್ರು. ಬಿಲ್ಲೆ ತೋರಿಸಿದ್ರೆ, ಇದು ನಡೆಯಲ್ಲ, ಹೊರಗಿನವರ ಸಾಲಲ್ಲಿ ನಿಂತ್ಕೋ ಅಂದ್ರು. ಸಾಲು ಗೇಟಿನವರೆಗೂ ಇತ್ತು. ಇಲ್ಲಿ ಮೇಸ್ತ್ರಿ ಕೂಗ್ತಿದ್ದ. ಬಂದ್ಬಿಟ್ಟೆ." ಬಿಲ್ಲೆಯನ್ನು ಹಿಡಿದು ತಿರುಗಿಸಿದಳು. "ಒಂದು ಮಾತು ಹೇಳ್ಲಾ ಅಕ್ಕ? ಬೆಳಿಗ್ಗೆ ಇದನ್ನ ಹಾಕ್ಕೊಂಡಾಗ ಬೆಚ್ಚಗಿರುತ್ತೆ. ಯಾರೋ ಆಗಷ್ಟೇ ಕೊರಳಿಂದ ಬಿಚ್ಚಿಕೊಟ್ಟಂಗೆ."

ಬಿಲ್ಲೆಗಳನ್ನು ಬಾಯ್ಲರಿನ ಪಕ್ಕದ ಮೊಳೆಗೆ ನೇತು ಹಾಕುತ್ತಾರೆ. ನನಗೆ ಗೊತ್ತು. ಆದರೂ ಬಿಲ್ಲೆಯನ್ನು ಮುಟ್ಟಿ ನೋಡಿದೆ.

ಮೇಲೆ ನಡೆದದ್ದನ್ನು ಹೇಳಿದೆ. ಹೆಂಗಸರು ಹಿಂಡುವುದನ್ನು ನಿಲ್ಲಿಸಿ ಕೇಳಿದರು. ನಲ್ ಎಂದರೇನು ಎಂದೂ ಹೇಳಿದೆ. ಹೊಸಬಳು ಚಿಂದಿಯ ಬೆರಳನ್ನೇ ಎತ್ತಿ ತೋರಿಸಿ, "ಹಾಡಲ್ಲಿ ನಲ್ಲ ಅಂದ್ರೆ ಪ್ರೀತಿ ಮಾಡೋನು ಅಲ್ವಾ ಅಕ್ಕ? ಹಂಗಾದ್ರೆ ನಿಮ್ಮ ಕಂಪ್ಯೂಟರ್‌ಗೆ ನಾವೆಲ್ಲ ನಲ್ಲೆಯರು," ಎಂದಳು. ಹೆಂಗಸರು ನಕ್ಕರು. ನಗು ಬೇಗ ನಿಂತಿತು.

"ಮೂವರನ್ನ ಒಬ್ಬಳು ಮಾಡಿದ್ರು," ಎಂದೆ. "ಆ ಒಬ್ಬಳು ಇವತ್ತೂ ಕೆಲಸಕ್ಕೆ ಬಂದಿದಾಳೆ ಅಂತ ಅವಳನ್ನೂ ಬಿಟ್ರು. ಅವರ ಲೆಕ್ಕದಲ್ಲಿ ಇಲ್ಲಿ ಯಾರೂ ಸತ್ತೇ ಇಲ್ಲ."

ಬಾಯ್ಲರಜ್ಜಿ ಮೂಲೆಯಿಂದ ಎದ್ದಳು. ಉರಿಯ ಮುಂದೆ ಕೂತು ಕೂತು ಅವಳ ರೆಪ್ಪೆಗೂದಲು ಸುಟ್ಟಿದ್ದವು. ಉದ್ದಕ್ಕನ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳು. ನಿಧಾನ ನಡೆದು ಹೋಗಿ ಹಬೆಯ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಮುಚ್ಚಿದಳು.

"ಹಂಗಾದ್ರೆ ಸತ್ತೋರೇ ಒಗೀಲಿ," ಎಂದಳು.

ಯಂತ್ರಗಳು ನಿಂತವು. ಆ ನೆಲಮಾಳಿಗೆಯಲ್ಲಿ ನಾನು ಅಂಥ ಮೌನ ಕೇಳಿರಲಿಲ್ಲ. ಕೊಳವೆಯಿಂದ ಗಂಟು ಬಿತ್ತು. ಯಾರೂ ಬಿಚ್ಚಲಿಲ್ಲ. ಅದರ ಮೇಲೆ ಇನ್ನೊಂದು ಬಿತ್ತು. ಮೇಸ್ತ್ರಿ ಬಂದು ಕೂಗಾಡಿದ, ಒಬ್ಬಳ ರಟ್ಟೆ ಹಿಡಿದೆಳೆದ. ಅವಳು ಎದ್ದು ನಿಂತು, ಅವನ ಕೈ ಬಿಡಿಸಿ, ಮತ್ತೆ ಕೂತಳು. ಗಂಟುಗಳು ಬೀಳುತ್ತಲೇ ಇದ್ದವು. ಕೊಳವೆಯ ಬಾಯಿ ಕಟ್ಟಿಕೊಂಡಿತು. ಆ ರಾಶಿಯ ಹಿಂದೆ ಯಾರೋ ಗುನುಗುತ್ತಿದ್ದ ಹಾಗಿತ್ತು. ನನಗೊಬ್ಬಳಿಗೇ ಕೇಳಿಸಿತೋ ಏನೋ. ಹೆಂಗಸರೂ ಅತ್ತಲೇ ನೋಡುತ್ತಿದ್ದರು.

ಶಸ್ತ್ರಚಿಕಿತ್ಸೆಯ ಕೋಣೆಗೆ ಬಟ್ಟೆ ಇಲ್ಲವಾದಾಗ ಆಡಳಿತಾಧಿಕಾರಿ ಇಳಿದು ಬಂದರು. ಅವರು ಆ ಮೆಟ್ಟಿಲು ಇಳಿದದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

"ಏನು ಬೇಕು ನಿಮಗೆ?"

ಬಾಯ್ಲರಜ್ಜಿ ರಾಶಿಯಿಂದ ಒಂದು ಗಂಟು ಎಳೆದು ತಂದು ಅವರ ಬೂಟಿನ ಮುಂದೆ ಇಟ್ಟಳು. ಗಂಟಿನಿಂದ ರಕ್ತದ ನೀರು ಸೋರಿ ನೆಲದ ಮೇಲೆ ಹರಿಯಿತು.

"ಬಿಚ್ಚಿ ಸರ್."

"ಏನು?"

"ಸೂಜಿ ಚುಚ್ಚಿದ್ರೆ ಯಾರೂ ಸಾಯಲ್ಲವಂತೆ. ನಿಮ್ಮ ಮೇಸ್ತ್ರಿ ಹೇಳ್ತಾನೆ. 'ಇಲ್ಲಿ ಯಾರೂ ಸತ್ತಿಲ್ಲ' ಅಂತ ನೀವೂ ಬರ್ಕೊಂಡಿದೀರ. ಬಿಚ್ಚಿ. ಒಂದೇ ಗಂಟು. ನೀವು ಬಿಚ್ಚಿದ್ರೆ ಉಳಿದದ್ದೆಲ್ಲ ನಾವು ಬಿಚ್ತೀವಿ."

ಆಡಳಿತಾಧಿಕಾರಿ ಗಂಟನ್ನು ನೋಡಿದರು. ನಮ್ಮನ್ನು ನೋಡಿದರು. ಆಮೇಲೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಅದನ್ನು ಎಲ್ಲರೂ ನೋಡಿದರು. ಮೇಸ್ತ್ರಿಯೂ ನೋಡಿದ.

ತಪಾಸಣೆಯ ಅಧಿಕಾರಿ ಆ ಹೊತ್ತಿಗೆ ಬಂದಾಗಿತ್ತು. ನಡುವಯಸ್ಸಿನ ಹೆಂಗಸು. ರೋಗಿಗಳು ಬರಿಯ ರೆಕ್ಸಿನ್ ಮೇಲೆ ಮಲಗಿರುವುದು ಯಾಕೆ ಎಂದು ಕೇಳುತ್ತ ಕೇಳುತ್ತ ತಾನಾಗಿಯೇ ಕೆಳಗೆ ಬಂದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ತನ್ನ ಕೊರಳ ಬಿಲ್ಲೆ ತನಗಿಂತ ಮುಂಚೆ ಯಾರದಾಗಿತ್ತು, ಅವಳು ಹೇಗೆ ಸತ್ತಳು, ಅಷ್ಟೇ ಹೇಳಿ ಕೂತರು. ಅವರು ಹೆಸರುಗಳನ್ನು ಹೇಳುತ್ತಿದ್ದರು. ಆ ಹೆಸರುಗಳನ್ನು ಆ ನೆಲಮಾಳಿಗೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಹೇಳಿರಲಿಲ್ಲ. ಅಧಿಕಾರಿ ಹೊಸಬಳ ಬೆರಳು ನೋಡಿದಳು. ಯಾವಾಗ ಚುಚ್ಚಿತು ಎಂದು ಕೇಳಿದಳು. ಮಿಕ್ಕದ್ದನ್ನು ಅಲ್ಲಿಗೇ ಬಿಟ್ಟು, ತನ್ನ ಜೊತೆಯವನನ್ನು ಕೊಟ್ಟು ಅವಳನ್ನು ಮದ್ದಿಗೆ ಮೇಲೆ ಕಳಿಸಿದಳು.

ನಾನು ಆ ಎಂಟು ಅಕ್ಷರದ ಪದದ ವಿಷಯ ಹೇಳಿದೆ. ಕೇಳಿಕೊಂಡು ಕಂಪ್ಯೂಟರ್ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಕಾಲು ತೊಳೆಯಲಿಲ್ಲ.

"ಆ ಪದ ತೆಗೆದು ತೋರಿಸಿ," ಎಂದಳು ಹಿರಿಯರಿಗೆ.

"ಅದು ಹಾಗೇ ಇರಲಿ," ಎಂದರು ಆಡಳಿತಾಧಿಕಾರಿ.

ಹಿರಿಯರು ಯಾರ ಮುಖವನ್ನೂ ನೋಡಲಿಲ್ಲ. ಎಂಟು ಅಕ್ಷರವನ್ನು ಒಂದೊಂದಾಗಿ ಅಳಿಸಿದರು. ಆಮೇಲೆ ಯಾರೂ ಹೇಳದ ಇನ್ನೊಂದು ಕೆಲಸ ಮಾಡಿದರು. ರೋಗಿಗಳ ಟೇಬಲ್ಲಿನಿಂದ ಹೆಸರಿನ ಕಾಲಂ ತಂದು ಎಲ್ಲಕ್ಕಿಂತ ಮುಂದೆ ಇಟ್ಟರು.

"ಹೆಸರೂ ಹೋಗಲಿ ಮೇಡಂ," ಎಂದರು.

ವರದಿ ಹಾಗೇ ಹೋಯಿತು. ಹಿರಿಯರನ್ನು ನಿವೃತ್ತಿಯವರೆಗೆ ಉಗ್ರಾಣಕ್ಕೆ ಹಾಕಿದರು. ಬಾಯ್ಲರಜ್ಜಿಯನ್ನು ಚಕ್ರ ಮುಚ್ಚಿದ ತಪ್ಪಿಗೆ ತೆಗೆದರು. ನನ್ನನ್ನು ವಾಪಸ್ ಕರೆಯಲಿಲ್ಲ. ಗುತ್ತಿಗೆದಾರ ಮಾತ್ರ ಅವನೇ ಇದ್ದಾನೆ. ಬಟ್ಟೆಮನೆಗೆ ಕೈಗವಸು ಬಂದವು. ಗಂಡಸರ ಅಳತೆಯವು. ಹೆಂಗಸರ ಬೆರಳು ಅದರೊಳಗೆ ಈಜುತ್ತವೆ.

ಈಗ ನಾನು ಬೇರೆ ಬೀದಿಯಲ್ಲಿ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿದ್ದೇನೆ. ಊಟದ ಹೊತ್ತಿನಲ್ಲಿ ಹೊಸಬಳು ಬರುತ್ತಾಳೆ. ಅವಳ ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಷ್ಟು ಬೇಗ ಕಾಣುವುದಿಲ್ಲ, ಕೆಲವು ತಿಂಗಳು ಬಿಟ್ಟು ಮತ್ತೆ ಬಾ ಎಂದಿದ್ದಾರೆ. ಆ ತಿಂಗಳುಗಳನ್ನು ನಾವಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಳೆಯುತ್ತಿದ್ದೇವೆ. ಅವಳು ಚೆನ್ನಾಗಿ ಉಣ್ಣುತ್ತಾಳೋ ಇಲ್ಲವೋ ಎಂದು ನಾನು ಕದ್ದು ನೋಡುತ್ತೇನೆ. ಅವಳು ಮೈ ಕೆರೆದುಕೊಂಡರೆ ನಾನು ಎತ್ತಿದ ತುತ್ತನ್ನು ಕೆಳಗಿಡುತ್ತೇನೆ. "ಸೊಳ್ಳೆ ಅಕ್ಕ, ಸೊಳ್ಳೆ," ಎನ್ನುತ್ತಾಳೆ.

ಮೊನ್ನೆ ಡಬ್ಬಿ ಮುಚ್ಚುತ್ತ ಕೇಳಿದಳು.

"ಅಕ್ಕ, ಆ ಪರೀಕ್ಷೆಲಿ ಏನಾದ್ರೂ ಬಂದ್ರೆ, ಮುಂದಿನ ವರದಿಲಿ ನನ್ನ ಸಾಲು ಬರುತ್ತಾ?"

"ಬರುತ್ತೆ."

"ಎರಡೂ ಕಡೆ?"

"ಎರಡೂ ಕಡೆ."

"ಹೆಸರು ಸಮೇತ?"

"ಹೆಸರು ಸಮೇತ."

ಅವಳಿಗೆ ನಿರಾಳವಾಯಿತು. ಅದು ಮುಖದಲ್ಲೇ ಕಂಡಿತು. ಲಂಗ ಕೊಡವಿಕೊಂಡು ಎದ್ದಳು.

"ಸಾಕು ಬಿಡಕ್ಕ. ಸತ್ತರೂ ಲೆಕ್ಕಕ್ಕೆ ಸಿಗ್ತೀನಲ್ಲ."

ಹೊರಟವಳ ಕೈ ಹಿಡಿದು ಎಳೆದು ಮತ್ತೆ ಕೂರಿಸಿದೆ.

"ಸಾಕಾಗಲ್ಲ ಕಣೇ," ಎಂದೆ.